ಬೋರಲು ಹಾಕದ ಬಾಟಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಾಗರದಲ್ಲಿ ಹುಟ್ಟಿ ಬೆಳೆದು, ಶಿವಮೊಗ್ಗದಲ್ಲಿ ಮಿಡ್‌ವೈಫ್ ತರಬೇತಿ ಮುಗಿಸಿ, ಇಪ್ಪತ್ತಾರನೇ ವಯಸ್ಸಿಗೆ ಹೊಸನಗರದ ಹತ್ತಿರದ ಹಲಸಿನಹಕ್ಲಿಗೆ ಬಂದಾಗ ನನ್ನ ಬಳಿ ಆ ಸಿಟ್ಟಿನ ಜೊತೆಗೆ ಒಂದು ಸರ್ಟಿಫಿಕೇಟೂ ಇತ್ತು. ಎರಡೂ ಸೇರಿಕೊಂಡು ಬಹಳ ಮಾತಾಡಿಸುತ್ತಿದ್ದವು. ಊರಿನವರು ನನ್ನನ್ನು ಮೂಕಾಂಬಿಕಾ ಎಂದು ಕರೆದದ್ದೇ ಇಲ್ಲ. ನರ್ಸಮ್ಮ ಅಷ್ಟೆ. ಹಿಂದಿನಿಂದ ಬಾಯಿಬಡುಕಿ ನರ್ಸಮ್ಮ ಅನ್ನುತ್ತಿದ್ದರಂತೆ. ಹೆಸರಿನಲ್ಲೇ ಮೂಕ ಇದ್ದರೂ ಇವಳಿಗೆ ಎಲ್ಲಿಂದ ಬಂತು ಇಷ್ಟು ಬಾಯಿ ಎಂದು ನಗುತ್ತಿದ್ದರಂತೆ.

ಇದು ಅರವತ್ನಾಲ್ಕನೇ ಇಸವಿಯ ಮಾತು. ನಗರಕ್ಕೆ ಹೋಗುವ ರಸ್ತೆಯಿಂದ ಕೆಳಗಿಳಿದರೆ ಸೋಗೆ ಹೊದಿಸಿದ ಒಂದು ಮನೆ, ಮುಂದೆ ಒಂದು ತುಂಡು ಗೇಣಿ ಗದ್ದೆ, ಕೊಟ್ಟಿಗೆಯಲ್ಲಿ ಒಂದು ಹಸು. ಅದು ಕೆರಿಯಮ್ಮನ ಮನೆ. ಗಂಡ ಸತ್ತು ಹತ್ತು ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ಮಾಸ್ತಮ್ಮ ಹಿಂದಿನ ಕಾರ್ತಿಕದಲ್ಲಿ ಹೆರಿಗೆಗೆಂದು ತವರಿಗೆ ಬಂದವಳು, ಹೆಣ್ಣು ಮಗುವನ್ನು ಹೆತ್ತು ಅದೇ ಸಂಜೆ ತೀರಿಕೊಂಡಳು. ನನ್ನನ್ನು ಕರೆಯಲು ಗಾಡಿ ಬಂದಾಗ ನಾನು ಮೂರು ಮೈಲಿ ಆಚೆ ಇನ್ನೊಂದು ಹೆರಿಗೆಯಲ್ಲಿದ್ದೆ. ನಾನು ಹೋಗಿ ತಲುಪುವಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹಾಸಿದ್ದ ಚಾಪೆ ನೋಡಿದೊಡನೆ ನನಗೆ ಕಾರಣ ತಿಳಿಯಿತು. ರಿಜಿಸ್ಟರಿನಲ್ಲಿ ‘ರಕ್ತಸ್ರಾವ’ ಎಂದು ಬರೆದೆ. ಮನೆಯವರು ಯಾರೂ ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಗುವಿಗೆ ಶರಾವತಿ ಎಂದು ಹೆಸರಿಟ್ಟವನು ಅದರ ಅಪ್ಪ ಶೇಷಪ್ಪ. ಅವನು ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬಂದು ಮಗುವನ್ನು ನೋಡಿ ಹೋಗುತ್ತಿದ್ದ. ಕೂಸು ಒಳಲೆಯಲ್ಲಿ ಹಾಲು ಹಾಕಿದರೆ ಉಗಿಯುತ್ತದೆ ಎಂದು ಕೇಳಿ ಸಾಗರದಿಂದ ಒಂದು ಗಾಜಿನ ಬಾಟಲಿ ತಂದುಕೊಟ್ಟ. ದೋಣಿಯ ಆಕಾರದ್ದು, ಎರಡು ತುದಿಗೂ ಬಾಯಿ, ಒಂದಕ್ಕೆ ರಬ್ಬರಿನ ನಿಪ್ಪಲ್ಲು, ಇನ್ನೊಂದಕ್ಕೆ ರಬ್ಬರಿನ ಮುಚ್ಚಳ. ಹಲಸಿನಹಕ್ಲಿನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಕೆರಿಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನಾನಿದ್ದ ಆರೋಗ್ಯ ಉಪಕೇಂದ್ರಕ್ಕೆ ತಂದು, "ಇದನ್ನ ಹೆಂಗೆ ತೊಳೀಬೇಕು ನರ್ಸಮ್ಮ?" ಎಂದು ಕೇಳಿದ್ದಳು.

ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಮಗು ಕುಡಿದ ಕೂಡಲೇ ತಣ್ಣೀರಲ್ಲಿ ತೊಳೆಯಬೇಕು. ನಿಪ್ಪಲ್ಲನ್ನು ಒಳಹೊರಗು ತಿರುಗಿಸಿ ಉಪ್ಪು ಹಾಕಿ ಉಜ್ಜಬೇಕು. ಬಾಟಲಿಯ ಒಳಗೆ ಜಿಡ್ಡು ಉಳಿಯದ ಹಾಗೆ ತಿಕ್ಕಬೇಕು. ಆಮೇಲೆ ಮುಳುಗುವಷ್ಟು ನೀರಲ್ಲಿ ಕುದಿಸಿ, ಒಗೆದ ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸಬೇಕು. ಕೆರಿಯಮ್ಮ ಒಂದೊಂದಕ್ಕೂ ಹೂಂಗುಟ್ಟಿದಳು. ಕೊನೆಯದಕ್ಕೆ ಹೂಂ ಅನ್ನಲಿಲ್ಲ. ನಾನು ಆಗಲೇ ಮುಂದಿನವರ ಚೀಟಿ ನೋಡುತ್ತಿದ್ದೆ, ಗಮನಿಸಲಿಲ್ಲ.

ಮೂರು ತಿಂಗಳಲ್ಲಿ ಮಗುವಿಗೆ ಮೂರು ಸಲ ಭೇದಿಯಾಯಿತು. ನಾಲ್ಕು ದಿನ ಗಂಜಿ ತಿಳಿ ಕುಡಿಸಿ ನಿಲ್ಲಿಸಿದರೆ ಮತ್ತೆ ಹತ್ತು ದಿನಕ್ಕೆ ಶುರು. ಐದು ತಿಂಗಳ ಮಗು ಒಂಬತ್ತು ಪೌಂಡು ತೂಗುತ್ತಿತ್ತು. ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಹೊಸನಗರದ ಡಾಕ್ಟರು ನೋಡಿ, "ಬಾಟಲಿ ಸರಿಯಾಗಿ ತೊಳೀತಿಲ್ಲ, ನೀವು ಹೋಗಿ ನೋಡಿ" ಎಂದು ನನಗೆ ಚೀಟಿ ಬರೆದರು. ನನ್ನ ಪಾಠಕ್ಕೇ ಅವಮಾನವಾದ ಹಾಗಾಯಿತು.

ಮಾರನೇ ದಿನ ಮಧ್ಯಾಹ್ನವೇ ಹೋದೆ. ಜಗಲಿಯಲ್ಲಿ ಶೇಷಪ್ಪ ಕೂತಿದ್ದ, ಜೊತೆಗೆ ಅವನ ಅಕ್ಕ ವಿಶಾಲಮ್ಮ. ಆಕೆ ತೀರ್ಥಹಳ್ಳಿ ಕಡೆ ಕೊಟ್ಟವಳು. ಮೂರು ಗಂಡುಮಕ್ಕಳ ತಾಯಿ, ಒಂದು ಹೆಣ್ಣು ಬೇಕಿತ್ತು ಎಂಬ ಆಸೆ ಮುಖದಲ್ಲೇ ಕಾಣುತ್ತಿತ್ತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಕಡ್ಡಿಯಂಥ ಕಾಲು ಸವರುತ್ತಿದ್ದಳು. ಕೆರಿಯಮ್ಮ ಬಾಗಿಲ ಬದಿಯಲ್ಲಿ ನಿಂತಿದ್ದಳು.

"ಎಲ್ಲಿ ಬಾಟ್ಲಿ?" ಎಂದೆ.

ತಂದಳು. ಗಾಜು ಹೊಳೆಯುತ್ತಿತ್ತು. ತಳದಲ್ಲಿ ಮಾತ್ರ ಒಂದು ಚಮಚದಷ್ಟು ಹಾಲು. ನಿಪ್ಪಲ್ಲು ಬಿಚ್ಚಿ ಮೂಗಿಗೆ ಹಿಡಿದೆ, ಹುಳಿ ವಾಸನೆ ಬಡಿಯಿತು.

"ಇದೇನಿದು? ಕುಡಿಸಿ ಹಾಗೇ ಇಟ್ಟಿದೀಯಾ? ತೊಳಿಯೋಕೆ ಕೈಯಲ್ಲಿ ಶಕ್ತಿ ಇಲ್ವಾ ನಿಂಗೆ? ಇಂಥ ಕೊಳಕಲ್ಲಿ ಹಾಲು ಹಾಕಿದ್ರೆ ಕೂಸು ಉಳಿಯುತ್ತಾ?" ಎಂದು ಕೂಗಾಡಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳನ್ನು, ಅವಳ ಅಳಿಯನ ಎದುರಿಗೆ, ಅವಳ ಮನೆಯ ಜಗಲಿಯಲ್ಲೇ ನಿಂತು ಏಕವಚನದಲ್ಲಿ ಬೈದೆ. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

"ತೊಳೀತೀನಿ ನರ್ಸಮ್ಮ" ಎಂದಳು ಕೆರಿಯಮ್ಮ, ನೆಲ ನೋಡಿಕೊಂಡು.

"ತೊಳೆದದ್ದು ಹೀಗಿರುತ್ತಾ?"

ವಿಶಾಲಮ್ಮ ತಮ್ಮನ ಮುಖ ನೋಡಿದಳು. ಶೇಷಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ.

ಎರಡು ದಿನ ಬಿಟ್ಟು ವಿಶಾಲಮ್ಮ ಉಪಕೇಂದ್ರಕ್ಕೆ ಬಂದಳು. ಯುಗಾದಿ ಕಳೆದ ಮೇಲಿನ ಭಾನುವಾರ ಬಂದು ಮಗುವನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. "ಕೆರಿಯತ್ತೆ ಮೇಲೆ ನಂಗೇನೂ ಬೇಜಾರಿಲ್ಲ. ಆದ್ರೆ ನೀವೇ ಹೇಳಿದ್ರಲ್ಲ ನರ್ಸಮ್ಮ, ಅವ್ರ ಕೈ ಚೊಕ್ಕ ಇಲ್ಲ ಅಂತ. ನಮ್ಮ ಶೇಷುಗೆ ಅದೇ ಮನಸಿಗೆ ಹತ್ತಿಬಿಡ್ತು" ಎಂದಳು. ಅಲ್ಲಿನ ಆಸ್ಪತ್ರೆಗೆ ತೋರಿಸಲು ಒಂದು ಚೀಟಿ ಬೇಕಿತ್ತು. ಒಳ್ಳೆಯದೇ ಆಯಿತು, ಮಗು ಬದುಕಿಕೊಳ್ಳುತ್ತದೆ ಎಂದುಕೊಂಡೆ. ಆದರೂ ‘ನೀವೇ ಹೇಳಿದ್ರಲ್ಲ’ ಎಂಬ ಮಾತು ಅಕ್ಕಿಯಲ್ಲಿ ಸಿಕ್ಕಿದ ಕಲ್ಲಿನ ಹಾಗೆ ಬಾಯಲ್ಲೇ ಉಳಿಯಿತು.

ಚೀಟಿಗೆ ತೂಕ ಬೇಕಲ್ಲ. ಹಬ್ಬ ಕಳೆದ ಮೇಲೆ ಶುಕ್ರವಾರ ಬೆಳಿಗ್ಗೆ ತಕ್ಕಡಿ ಹಿಡಿದುಕೊಂಡು ಕೆರಿಯಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಹಿತ್ತಿಲಲ್ಲಿ ಹೊಗೆ ಕಂಡು ಅತ್ತ ಹೋದೆ.

ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದ್ದಳು. ಅದರ ಮೇಲೆ ಒಂದು ಹೊಸ ಮಡಕೆಯಲ್ಲಿ ನೀರು ಕುದಿಯುತ್ತಿತ್ತು. ಎಂಜಲಾದ ಬಾಟಲಿಯನ್ನು ಅಡಿಗೆ ಒಲೆಯ ಮೇಲಿಡಲು ಮನಸ್ಸು ಬಾರದೆ ಅದಕ್ಕೇ ಬೇರೆ ಒಲೆ, ಬೇರೆ ಮಡಕೆ. ಕೆರಿಯಮ್ಮ ನನಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದಳು. ಅಂಟುವಾಳದ ನೊರೆ ಮಾಡಿಕೊಂಡು, ಬಿದಿರು ಕಡ್ಡಿಯ ತುದಿಗೆ ತೆಂಗಿನ ನಾರು ಕಟ್ಟಿದ ಕುಂಚದಿಂದ ಬಾಟಲಿಯ ಒಳಗೆ ತಿಕ್ಕುತ್ತಿದ್ದಳು. ಒಂದು ಬಾಯಿಂದ ತಿಕ್ಕಿ, ತಿರುಗಿಸಿ ಇನ್ನೊಂದು ಬಾಯಿಂದ ತಿಕ್ಕಿದಳು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ ಮತ್ತೆ ತಿಕ್ಕಿದಳು. ನಿಪ್ಪಲ್ಲನ್ನು ತಿರುಗಿಸಿ ಉಪ್ಪು ಹಾಕಿ ಬೆರಳಿನಿಂದ ಉಜ್ಜಿ, ಅದರ ತೂತಿನಲ್ಲಿ ನೀರು ಬರುತ್ತದೆಯೇ ಎಂದು ಹಿಸುಕಿ ನೋಡಿದಳು. ಹಿಂದಿನ ರಬ್ಬರ್ ಮುಚ್ಚಳವನ್ನೂ ಬಿಡಲಿಲ್ಲ. ಆಮೇಲೆ ಎಲ್ಲವನ್ನೂ ಕುದಿಯುವ ನೀರಿಗೆ ಬಿಟ್ಟು, ತುಟಿಯಲ್ಲೇ ಏನೋ ಎಣಿಸುತ್ತ ಕೂತಳು.

ನಾನು ನುಗ್ಗೆ ಮರದ ಹತ್ತಿರ ನಿಂತೇ ಇದ್ದೆ. ಉಪಕೇಂದ್ರದಲ್ಲಿ ನಾನು ಸಿರಿಂಜು ಕುದಿಸುವಾಗಲೂ ಇಷ್ಟು ಹೊತ್ತು ಕುದಿಸುತ್ತಿರಲಿಲ್ಲ. ಇವಳನ್ನೇ ನಾನು ಕೊಳಕಿ ಎಂದದ್ದು. ಹಾಗಾದರೆ ಆ ಹುಳಿ ವಾಸನೆ ಎಲ್ಲಿಂದ ಬಂತು?

ಕೆರಿಯಮ್ಮ ಬಾಟಲಿಯನ್ನು ಕಡ್ಡಿಯಿಂದ ಎತ್ತಿ, ನೀರು ಬಸಿದು, ನಿಪ್ಪಲ್ಲು ಹಾಕಿದಳು. ಆಮೇಲೆ ಗೋಡೆಯ ಗೂಡಿಗೆ ಕೈ ಹಾಕಿ, ಬಾಳೆಲೆ ಚೂರು ಮುಚ್ಚಿದ್ದ ಒಂದು ಪುಟ್ಟ ಕುಡಿಕೆ ತೆಗೆದಳು. ಅದರಲ್ಲಿದ್ದದ್ದನ್ನು ಜೋಪಾನವಾಗಿ ಬಾಟಲಿಗೆ ಬಗ್ಗಿಸಿ ಹಿಂದಿನ ಮುಚ್ಚಳ ಒತ್ತಿದಳು.

"ಅದೇನದು ಕೆರಿಯಮ್ಮ?"

ಬೆಚ್ಚಿ ತಿರುಗಿದಳು. "ಅಯ್ಯೋ, ಯಾವಾಗ ಬಂದ್ರಿ ನರ್ಸಮ್ಮ?"

"ಕುಡಿಕೇಲಿ ಏನಿತ್ತು?"

"ಹಾಲು. ಕೂಸು ಬೆಳಿಗ್ಗೆ ಕುಡ್ದು ಬಿಟ್ಟಿದ್ದು. ಎರಡೇ ತೊಟ್ಟು."

"ಅದನ್ನ ಯಾಕೆ ಮತ್ತೆ ಹಾಕಿದ್ರಿ?"

ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ಬಾಯಿ ಮುಚ್ಚಿಕೊಂಡು ಕಾಯುವುದು ನನ್ನ ಜಾಯಮಾನವಲ್ಲ, ಆದರೂ ಕಾದೆ.

"ಕೂಸಿನ ಹಾಲಿನ ಪಾತ್ರೆ ಬರಿದು ಮಾಡ್ಬಾರ್ದು" ಎಂದಳು ಕೊನೆಗೆ. "ತೊಳಿಯೋವಾಗ ತೆಗ್ದಿಟ್ಕೊಂಡು, ತೊಳೆದ್ಮೇಲೆ ಎರಡು ತೊಟ್ಟು ಹಾಕ್ತೀನಿ. ಬೋರ್ಲಂತೂ ಹಾಕಲ್ಲ. ನೀವು ಹೇಳಿದ್ದೆಲ್ಲ ಮಾಡ್ತೀನಿ, ಅದೊಂದು ನನ್ನ ಕೈಯಲ್ಲಿ ಆಗಲ್ಲ."

ಆ ಮನೆಯಲ್ಲಿ ಯಾವುದೂ ಖಾಲಿಯಾಗುವುದಿಲ್ಲ ಎಂದು ನಾನೇ ಹಿಂದೆ ತಮಾಷೆ ಮಾಡಿದ್ದೆ. ಸೀಮೆಎಣ್ಣೆ ಇದೆಯಾ ಎಂದರೆ "ತುಂಬೈತೆ" ಅನ್ನುವಳು, ಅಂದರೆ ಮುಗಿದಿದೆ ಎಂದು ಅರ್ಥ. ಅಕ್ಕಿ ಮುಗಿದರೂ ತುಂಬೈತೆ, ಉಪ್ಪು ಮುಗಿದರೂ ತುಂಬೈತೆ. ನಮ್ಮಮ್ಮನೂ ಹಾಗೇ ಹೇಳುತ್ತಿದ್ದವಳು. ಮಾತು ಗೊತ್ತಿದ್ದೂ ಅದರ ಹಿಂದೆ ಇಷ್ಟು ಹೆದರಿಕೆ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

"ಬೋರಲು ಹಾಕಿದ್ರೆ ಏನಾಗತ್ತೆ ಕೆರಿಯಮ್ಮ?"

ಅವಳು ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು. ಅದು ಆರುವ ತನಕ ನೋಡುತ್ತಿದ್ದಳು.

"ಮಾಸ್ತಿಗೆ ನೋವು ಬಂದ ದಿನ ಹಾಲಿನ ಗಡಿಗೆ ತೊಳ್ದು ಬಿಸಿಲಿಗೆ ಬೋರ್ಲು ಹಾಕಿದ್ದೆ. ಗಡಿಬಿಡೀಲಿ ಎತ್ತಿಡೋಕೇ ಮರ್ತೆ. ಬೈಸಾರೆ ತನಕ, ಹೊತ್ತು ಮುಳುಗಿದ್ರೂ ಹಂಗೇ ಇತ್ತು. ಅವ್ಳು ಹೋದ್ಮೇಲೆ ನೀರು ತರೋಕೆ ಅಂತ ಹೊರಗೆ ಬಂದ್ರೆ ಕಣ್ಣಿಗೆ ಬಿದ್ದಿದ್ದು ಅದೇ. ಮನೇಲಿ ಬಸುರಿ ಇಟ್ಕೊಂಡು ಹಾಲಿನ ಗಡಿಗೆ ಬರಿದು ಮಾಡಿ ಮಗುಚಿ ಹಾಕಿದ್ನಲ್ಲ ನರ್ಸಮ್ಮ, ನಾನು ತಾಯಿಯಾ?"

ರಿಜಿಸ್ಟರಿನಲ್ಲಿ ಬರೆದ ಪದ ಆಗಲೇ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ನನ್ನ ತಲೆಯೆಲ್ಲ ಆ ಕುಡಿಕೆಯಲ್ಲಿತ್ತು. ಮಗುವನ್ನು ಕರೆದೊಯ್ಯಲು ಎರಡೇ ದಿನ ಉಳಿದಿತ್ತು.

"ನೀವು ಮೊಸರಿಗೆ ಹೆಪ್ಪು ಹಾಕೋದು ಹೇಗೆ ಕೆರಿಯಮ್ಮ?" ಎಂದೆ.

ಇದೇನು ಕೇಳುತ್ತಿದ್ದಾಳೆ ಎಂಬಂತೆ ನೋಡಿದಳು. "ಹೆಂಗೆ ಅಂದ್ರೆ? ಹಾಲು ಕಾಸಿ, ಆರಿಸಿ, ಹಳೇ ಮಜ್ಜಿಗೆ ಎರಡು ತೊಟ್ಟು..."

ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. ಅದರೊಳಗೆ ಎರಡು ತೊಟ್ಟು ಹಾಲು ಆ ಕಡೆಯಿಂದ ಈ ಕಡೆಗೆ ಹರಿಯಿತು.

"ಹಂಗಾರೆ ಕೂಸಿನ ಹೊಟ್ಟೆ ಕೆಡಿಸ್ತಿದ್ದೋಳು ನಾನೇ" ಎಂದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅತ್ತು ಮುಗಿದ ಮೇಲೆ, "ಇನ್ನು ಆ ಕುಡಿಕೆ ಬಿಟ್ಟುಬಿಡಿ. ತೊಳೆದು ಬೋರಲು ಹಾಕಿ, ಎಲ್ಲ ಸರಿಹೋಗತ್ತೆ" ಎಂದೆ.

"ಹಳೇ ಹಾಲು ಹಾಕಲ್ಲ. ಬೋರ್ಲೂ ಹಾಕಲ್ಲ."

"ಯಾಕ್ರೀ?"

"ಬೇಕಾದ್ರೆ ಕೂಸನ್ನ ವಿಶಾಲಂಗೆ ಕೊಟ್ಬಿಡ್ತೀನಿ. ಎಲ್ಲಾದ್ರೂ ಬದುಕಿರ್ಲಿ. ಅದನ್ನ ಮಾತ್ರ ನನ್ ಕೈಲಿ ಮಾಡಿಸ್ಬೇಡಿ."

ನನಗೆ ಮತ್ತೆ ಸಿಟ್ಟು ಬಂತು. ಇಷ್ಟು ಹೇಳಿದ ಮೇಲೂ ಹಟವೇ ಎಂದು ದಡಬಡ ಎದ್ದೆ. ಏಳುವಾಗ ಕಾಲು ತಾಗಿ ಮಡಕೆಯ ನೀರು ತುಳುಕಿತು. ತುಂಬಾ ಇತ್ತು ನೀರು. ಕುದಿದ ನೀರು. ನಿಂತಲ್ಲೇ ನಿಂತು ಅದನ್ನೇ ನೋಡಿದೆ.

"ಒಣಗಿಸೋದೇ ಬೇಡ" ಎಂದೆ ನಿಧಾನವಾಗಿ. "ಕುದಿಸಿದ ನೀರಲ್ಲೇ ಬಿಡಿ, ಮುಚ್ಚಳ ಮುಚ್ಚಿ ಮಡಕೆ ಇಳಿಸಿಡಿ. ಬಾಟಲಿ ನೀರೊಳಗೆ ಮುಳುಗಿರಲಿ. ಹಾಲು ಹಾಕೋ ಹೊತ್ತಿಗೆ ತೆಗೆದು, ನೀರು ಬಸಿದು, ಆ ಕೂಡ್ಲೇ ಹಾಲು ಹಾಕಿ. ಕುಡಿದಾದ್ಮೇಲೆ ತೊಳೆದು ಹೊಸ ನೀರಲ್ಲಿ ಮತ್ತೆ ಕುದಿಸಿ. ಬರಿದಾಗಿ ಇರೋದೇ ಇಲ್ವಲ್ಲ. ಯಾವಾಗ್ಲೂ ತುಂಬಿರತ್ತೆ."

ಕೆರಿಯಮ್ಮ ಮಡಕೆ ನೋಡಿದಳು, ನನ್ನನ್ನು ನೋಡಿದಳು. "ತುಂಬಿರ್ತೈತೆ" ಎಂದಳು. ಈ ಸಲ ಆ ಮಾತಿಗೆ ಇದ್ದ ಅರ್ಥವೇ ಅರ್ಥ.

ಭಾನುವಾರ ವಿಶಾಲಮ್ಮ, ಶೇಷಪ್ಪ ಇಬ್ಬರೂ ಬಂದರು. ವಿಶಾಲಮ್ಮ ತಾನೇ ಹೊಲಿದ ನಾಲ್ಕು ಅಂಗಿ, ಒಂದು ಕುಲಾವಿ ತಂದಿದ್ದಳು. ಕೆರಿಯಮ್ಮ ಮಗುವಿಗೆ ಎಣ್ಣೆ ನೀರು ಹಾಕಿ, ಹಣೆಗೆ ಕಾಡಿಗೆ ಇಟ್ಟು, ಕಳಿಸಿಕೊಡುವವಳ ಹಾಗೆಯೇ ಸಿದ್ಧಮಾಡಿ ಕೂತಿದ್ದಳು. ನಾನು ಕರೆಯದೇ ಹೋಗಿದ್ದೆ.

"ಅವತ್ತು ಇದೇ ಜಗಲೀಲಿ ನಿಂತು ಬೈದೆ. ಇವತ್ತೂ ಇಲ್ಲೇ ನಿಂತು ಹೇಳ್ತೀನಿ" ಎಂದೆ. "ಕೆರಿಯಮ್ಮನ ಕೈಯಷ್ಟು ಚೊಕ್ಕ ಕೈ ನಾನು ಶಿವಮೊಗ್ಗದ ಆಸ್ಪತ್ರೇಲೂ ನೋಡಿಲ್ಲ. ನಾನು ಕಲಿಸಿದ್ದರಲ್ಲೇ ಒಂದು ಕೊರತೆ ಇತ್ತು. ಅದನ್ನ ಸರಿಮಾಡಿದೀನಿ. ಹುಣ್ಣಿಮೆ ತನಕ ಟೈಮು ಕೊಡಿ. ಆಗಲೂ ಮಗು ಹೀಗೇ ಇದ್ರೆ ಕರ್ಕೊಂಡು ಹೋಗಿ, ನಾನೇ ಚೀಟಿ ಬರೀತೀನಿ."

ಎಂಥ ಕೊರತೆ ಎಂದು ಶೇಷಪ್ಪ ಕೇಳಿದ. ಹೇಳಲಿಲ್ಲ. ಗಡಿಗೆಯ ವಿಷಯ ಕೆರಿಯಮ್ಮನದು, ನಾನು ಸಾರಿಕೊಂಡು ಬರುವಂಥದ್ದಲ್ಲ. ವಿಶಾಲಮ್ಮ ಬಹಳ ಹೊತ್ತು ಅಂಗಿಗಳನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಹುಣ್ಣಿಮೆ ತನಕ ಆಯ್ತು" ಎಂದಳು. ಅಂಗಿ ವಾಪಸು ಒಯ್ಯಲಿಲ್ಲ.

ಆ ದಿನಗಳಲ್ಲಿ ನಾನು ದಿನಾ ಹೋದೆ. ಹೋಗುವ ಅಗತ್ಯ ಇರಲಿಲ್ಲ, ಆದರೂ ಹೋದೆ. ಮಡಕೆಯ ಮುಚ್ಚಳ ತೆಗೆದರೆ ನೀರಿನೊಳಗೆ ಬಾಟಲಿ ಮಲಗಿರುತ್ತಿತ್ತು, ವಾಸನೆಯೇ ಇಲ್ಲ. ಐದನೇ ದಿನಕ್ಕೆ ಮಗುವಿನ ಭೇದಿ ಪೂರ್ತಿ ನಿಂತಿತು. ಹುಣ್ಣಿಮೆಯ ದಿನ ವಿಶಾಲಮ್ಮನ ಎದುರಿಗೇ ಬಟ್ಟೆಯ ಜೋಲಿಯಲ್ಲಿ ಹಾಕಿ ತೂಗಿದೆ. ಹತ್ತು ಪೌಂಡು. ಜೋಲಿಯಲ್ಲಿದ್ದವಳು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತುರುಕಿಕೊಳ್ಳಲು ಹೆಣಗುತ್ತಿದ್ದಳು.

ವಿಶಾಲಮ್ಮ ಹಿತ್ತಿಲಿಗೆ ಹೋಗಿ, ಮಡಕೆಯ ಮುಚ್ಚಳ ಎತ್ತಿ ಮೂಸಿ ನೋಡಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. ಆಸೆ ಕೈಬಿಟ್ಟು ಹೋದ ದುಃಖ ಅದು, ತಪ್ಪೇನಿಲ್ಲ. "ಹಬ್ಬಕ್ಕೆ ನಾಲ್ಕು ದಿನ ಕಳಿಸ್ತೀರಾ ಕೆರಿಯತ್ತೆ?" ಎಂದಳು.

"ಕಳ್ಸೋದೇನು, ನಾನೇ ಕರ್ಕೊಂಡು ಬತ್ತೀನಿ" ಎಂದಳು ಕೆರಿಯಮ್ಮ. ಶೇಷಪ್ಪ ಮಗಳನ್ನು ಎತ್ತಿಕೊಂಡು ಗದ್ದೆ ಅಂಚಿನ ತನಕ ಹೋಗಿಬಂದ.

ಆ ಮಳೆಗಾಲ ಕಳೆಯಿತು. ಶರಾವತಿಗೆ ಹಲ್ಲು ಬಂತು, ಅನ್ನ ಮೆತ್ತಗೆ ಹಿಸುಕಿ ಕೊಟ್ಟರೆ ತಿನ್ನಲು ಕಲಿತಳು, ಲೋಟ ಹಿಡಿದು ಕುಡಿಯಲು ಹೋಗಿ ಮೈಮೇಲೆಲ್ಲ ಚೆಲ್ಲಿಕೊಂಡಳು. ಕಾರ್ತಿಕದಲ್ಲಿ ನಮ್ಮ ಕಡೆ ಇನ್ನೊಂದು ತಾಯಿಯಿಲ್ಲದ ಕೂಸು ಹುಟ್ಟಿತು. ಕೆರಿಯಮ್ಮನ ಕಿವಿಗೂ ಅದು ಬಿದ್ದಿತ್ತು. ಒಂದು ಬೆಳಿಗ್ಗೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಉಪಕೇಂದ್ರಕ್ಕೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಮೇಜಿನ ಮೇಲಿಟ್ಟಳು.

"ಆ ಕೂಸಿಗೆ ಕೊಡಿ. ನಮ್ಮ ಶಾರಿಗೆ ಇನ್ನು ಬೇಡ."

ಬಟ್ಟೆ ಬಿಚ್ಚಿದೆ. ಬಾಟಲಿ. ನೀರಿನ ಹನಿಯಿಲ್ಲ, ಹಾಲಿನ ತೊಟ್ಟಿಲ್ಲ. ಎರಡೂ ಬಾಯಿ ತೆರೆದು ಒಣಗಿಸಿದ್ದಳು. ನಿಪ್ಪಲ್ಲು, ಮುಚ್ಚಳ ಬೇರೆ ಚೂರು ಬಟ್ಟೆಯಲ್ಲಿದ್ದವು. ಯಾರ ಮನೆಗಾದರೂ ಪಾತ್ರೆ ವಾಪಸು ಕೊಡುವಾಗ ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿ ಕೊಡುವ ಹೆಂಗಸು ಇವಳು. ನಾನು ಅವಳ ಮುಖ ನೋಡಿದೆ.

"ಬೋರ್ಲು ಹಾಕಿದ್ದೆ ನರ್ಸಮ್ಮ" ಎಂದಳು. "ನಿನ್ನೆ ಬೆಳಿಗ್ಗೆಯಿಂದ ಬೈಸಾರೆ ತನಕ. ಅಂಗಳದಲ್ಲಿ, ಅದೇ ಜಾಗದಲ್ಲಿ. ಶಾರಿಯನ್ನ ತೊಡೆ ಮೇಲೆ ಕೂರಿಸ್ಕೊಂಡು ಎದುರಿಗೇ ಕೂತಿದ್ದೆ. ಗದ್ದೆಗೂ ಹೋಗ್ಲಿಲ್ಲ. ಎದೆ ಹೊಡ್ಕೊಳ್ತಾ ಇತ್ತು. ಇವ್ಳು ನೋಡಿದ್ರೆ ಇಡೀ ದಿನ ಕೋಳಿ ಕರೆದಿದ್ದೇ ಕರೆದಿದ್ದು. ಏನೂ ಆಗ್ಲಿಲ್ಲ."

ಶಾರಿ ನನ್ನ ಮೇಜಿನ ಮೇಲಿದ್ದ ರಿಜಿಸ್ಟರಿಗೆ ಕೈಹಾಕಿ ಎಳೆಯುತ್ತಿದ್ದಳು.

"ಹಂಗಾರೆ ನಮ್ಮ ಮಾಸ್ತಿ..." ಕೆರಿಯಮ್ಮನ ದನಿ ಸಣ್ಣದಾಯಿತು. "ಆ ಗಡಿಗೆಯಿಂದ ಅಲ್ಲ, ಅಲ್ವಾ?"

ಒಂದು ವರ್ಷದಿಂದ ಆ ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ಕೇಳುವವರೆಗೂ ಹೇಳದೇ ಇದ್ದೆ.

"ಅಲ್ಲ ಕೆರಿಯಮ್ಮ" ಎಂದೆ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. "ರಕ್ತ ಹೋಗೋದು ನಿಲ್ಲಲಿಲ್ಲ. ನಾನು ಬಂದು ತಲುಪೋದು ತಡ ಆಯ್ತು. ನಿಮ್ಮಿಂದ ಏನೂ ಆಗಿಲ್ಲ."

ಕೆರಿಯಮ್ಮ ತಲೆಯಾಡಿಸಿದಳು. ಮೊಮ್ಮಗಳ ಮುಷ್ಟಿಯಿಂದ ರಿಜಿಸ್ಟರಿನ ಹಾಳೆಯನ್ನು ಹರಿಯದ ಹಾಗೆ ಮೆಲ್ಲಗೆ ಬಿಡಿಸಿ, ನನ್ನ ಕಡೆಗೆ ಸರಿಸಿಟ್ಟಳು.